ತಿನ್ನದ ಬಿರಿಯಾನಿಯ ಲೆಕ್ಕ

ನನ್ನ ಮಗಳು ನನ್ನ ಪಾಲಿಗೆ ಸತ್ತಳು ಎಂದು ನಾನೇ ಊರಿಗೆಲ್ಲ ಸಾರಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ಅವಳು ನನ್ನನ್ನು ನೂರ ಹದಿನಾಲ್ಕು ಸಲ ಬೈದಿದ್ದಾಳೆ. ಎಣಿಸಿಟ್ಟಿದ್ದೇನೆ. ಯಾಕೆ ಎಣಿಸಿದೆ ಎಂಬುದನ್ನೇ ಈಗ ಹೇಳಹೊರಟಿರುವುದು. ನಡುವೆ ಯಾರೂ ಬುದ್ಧಿ ಹೇಳಲು ಬರಬೇಡಿ; ಬುದ್ಧಿ ಹೇಳುವವರು ನಮ್ಮ ಕಾಮಯಗೌಂಡನ್‌ಪಟ್ಟಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಾನು ಲಕ್ಷ್ಮಣನ್. ಎರಡು ಎಕರೆ ಪನ್ನೀರ್ ದ್ರಾಕ್ಷಿ, ಒಬ್ಬ ಹೆಂಡತಿ ಮುತ್ತುಲಕ್ಷ್ಮಿ, ಒಬ್ಬಳೇ ಮಗಳು ಅಭಿರಾಮಿ. ಎರಡು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ನನ್ನ ತೂಕ ತೊಂಬತ್ತೊಂದು ಕಿಲೋ. ಅಭಿರಾಮಿ ಆಗಷ್ಟೇ ಆಹಾರದ ಓದು ಮುಗಿಸಿ ದಿಂಡುಕ್ಕಲ್ಲಿನ ಒಂದು ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ರೋಗಿಗಳು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವ ಕೆಲಸ. ಅವಳ ಮೊದಲ ರೋಗಿ ನಾನೇ. ನನ್ನನ್ನು ಕೇಳಿ ಮಾಡಿದ್ದಲ್ಲ. ನನ್ನ ಫೋನ್ ಕಿತ್ತುಕೊಂಡು ಅದರಲ್ಲಿ ಕ್ಲಿನಿಕ್ಕಿನ ಆಪ್ ಹಾಕಿದಳು, ಮಂಚದ ಪಕ್ಕ ಒಂದು ತೂಕದ ಯಂತ್ರ ತಂದಿಟ್ಟಳು.

ಆಪ್ ಎಂದರೆ ಇಷ್ಟೇ. ತಿಂದದ್ದರ ಹೆಸರು ಹುಡುಕಿ ಒತ್ತಬೇಕು, ಎಷ್ಟು ಎಂದು ಹಾಕಬೇಕು. ಅದು ಕ್ಯಾಲೊರಿ ಲೆಕ್ಕ ಹೇಳುತ್ತದೆ. ಒಂದು ರಾಗಿ ಮುದ್ದೆಗೆ ಇನ್ನೂರು ಚಿಲ್ಲರೆ, ಒಂದು ಪರೋಟಾಕ್ಕೆ ಮುನ್ನೂರರ ಹತ್ತಿರ. ದಿನಕ್ಕೆ ಸಾವಿರದೈನೂರು ನನ್ನ ಪಾಲು. ಅಷ್ಟರೊಳಗಿದ್ದರೆ ದಿನ ಹಸಿರಾಗುತ್ತದೆ, ದಾಟಿದರೆ ಕೆಂಪಾಗುತ್ತದೆ. ಕೆಳಗೊಂದು ಚಿಕ್ಕ ಚೌಕವಿದೆ, ಬೇಕಾದರೆ ಕ್ಲಿನಿಕ್ಕಿನವರು ಅಲ್ಲಿ ಎರಡು ಮಾತು ಬರೆಯುತ್ತಾರೆ. ದ್ರಾಕ್ಷಿ ದಿನಕ್ಕೆ ಇಪ್ಪತ್ತು ಎಂದು ಅವಳ ಆಜ್ಞೆ. ಹುಟ್ಟಿದಾಗಿನಿಂದ ದ್ರಾಕ್ಷಿ ಚಪ್ಪರದ ಕೆಳಗೆ ಬದುಕಿದವನು ನಾನು. ಇಪ್ಪತ್ತು ಎಣಿಸಿ ತಿನ್ನಬೇಕಂತೆ! ನಾನು ಕೂಗಾಡಿದೆ. ಅವಳು ನಕ್ಕು, "ಇರುವದು ದಾನ್‌ಪ್ಪಾ," ಇಪ್ಪತ್ತೇ ಅಪ್ಪಾ, ಎಂದು ತಮಿಳಿನಲ್ಲಿ ಹೇಳಿ ಬಸ್ಸು ಹತ್ತಿದಳು.

ಅದೊಂದು ಕೊರಗು ನನಗೆ ಮೊದಲಿನಿಂದಲೂ ಇತ್ತು. ನಾವು ಮನೆಯಲ್ಲಿ ಆಡುವುದು ಕನ್ನಡ. ಯಾವ ಕಾಲದಲ್ಲೋ ಈ ತಮಿಳು ಸೀಮೆಗೆ ಬಂದ ನಮ್ಮ ಹಿರಿಯರು ಮೂಟೆ ಕಟ್ಟಿಕೊಂಡು ತಂದದ್ದು. ಓದುವುದಕ್ಕೆ ಬರೆಯುವುದಕ್ಕೆ ನಮಗೆ ಬರುವುದು ತಮಿಳು ಮಾತ್ರ. ನಾನು ಕನ್ನಡದಲ್ಲಿ ಕೇಳಿದರೆ ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅರ್ಥವಾಗುವುದಿಲ್ಲ ಎಂದಲ್ಲ, ನಾಲಗೆಗೆ ಸೋಮಾರಿತನ. ಎಷ್ಟು ಬೈದರೂ ಬದಲಾಗಲಿಲ್ಲ.

ತೈ ತಿಂಗಳ ಪೊಂಗಲ್ ಹಬ್ಬಕ್ಕೆ ಬಂದವಳು ನನ್ನೆದುರು ನೇರವಾಗಿ ಕುಳಿತು ಕಾರ್ತಿಕೇಯನ್ ಎಂಬ ಹೆಸರು ಹೇಳಿದಳು. ನಿಲಕ್ಕೋಟ್ಟೈಯವನು, ಹೂ ಬೆಳೆಯುವವರ ಮಗ, ಅದೇ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ನಮ್ಮ ಜನವಲ್ಲ, ನಮ್ಮ ಮಾತಲ್ಲ. ನಾನು ಆಗುವುದಿಲ್ಲ ಎಂದೆ. ಅವಳು ಆಗುತ್ತದೆ ಎಂದಳು. ಆ ಮೂಗಿನ ತುದಿಯ ಕೋಪ ಅವಳಿಗೆ ಎಲ್ಲಿಂದ ಬಂತು ಎಂದು ಊರಲ್ಲಿ ಯಾರನ್ನು ಕೇಳಿದರೂ ನನ್ನ ಕಡೆ ಕೈ ತೋರಿಸುತ್ತಾರೆ. ಹತ್ತು ದಿನಕ್ಕೆ ದಿಂಡುಕ್ಕಲ್ಲಿನಲ್ಲಿ ರಿಜಿಸ್ಟರ್ ಮದುವೆ ಆಯಿತು ಎಂದು ಸುದ್ದಿ ಬಂತು.

ಹೊರಗಿನವರನ್ನು ಕಟ್ಟಿಕೊಂಡು ಹೋದ ಮಗಳಿಗೆ ನಮ್ಮಲ್ಲಿ ತಲೆ ಮುಳುಗುವುದು ಎಂದೊಂದಿತ್ತು. ಸತ್ತವರಿಗೆ ಮಾಡುವ ಹಾಗೆ ನೀರಲ್ಲಿ ಮುಳುಗಿ ಎದ್ದು ಬಂದರೆ ಮುಗಿಯಿತು. ಆಮೇಲೆ ಅವಳೊಡನೆ ಮಾತಿಲ್ಲ, ಅವಳಿಗೆ ಮನೆಯ ಹೊಸ್ತಿಲಿಲ್ಲ. ನಾನು ಸುರುಳಿ ಜಲಪಾತಕ್ಕೆ ಹೊರಟು ಟವೆಲ್ ಹೆಗಲಿಗೆ ಹಾಕಿಕೊಂಡಾಗ ನಮ್ಮ ಪೈಕಿ ಎಲ್ಲರಿಗಿಂತ ಹಿರಿಯರಾದ ಮೂಕಯ್ಯ ದಾರಿಯಲ್ಲಿ ತಡೆದರು.

"ಲಕ್ಷ್ಮಣಾ, ಇದೆಲ್ಲ ಈಗ ಯಾರ್ ಮಾಡ್ತಾರೆ? ನನ್ ಮೊಮ್ಮಗ ಯಾರನ್ ಕಟ್ಕೊಂಡವ್ನೆ ಅಂತ ನಿನ್ಗ ಗೊತ್ತಿಲ್ವಾ? ಮನೇಗ್ ಹೋಗಿ ತಣ್ಣಗೆ ಕುಂತ್ಕೋ."

ಯಾರೂ ಕೇಳಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ನಾನಾಗಿ ಹೋದೆ, ನಾನಾಗಿ ಮುಳುಗಿದೆ. ಬಂದು ಬೀದಿಯಲ್ಲಿ ನಿಂತು ನನಗಿನ್ನು ಮಗಳಿಲ್ಲ ಎಂದು ಕೂಗಿ ಹೇಳಿದೆ. ಕೋಪದಲ್ಲಿ ಮೇಲೆ ಹತ್ತುವುದು ಸುಲಭ, ಇಳಿಯುವುದಕ್ಕೆ ಮೆಟ್ಟಿಲೇ ಇರುವುದಿಲ್ಲ.

ಹತ್ತು ದಿನ ಆ ಆಪನ್ನು ಮುಟ್ಟಲಿಲ್ಲ. ಹನ್ನೊಂದನೆಯ ದಿನ ಉತ್ತಮಪಾಳಯಕ್ಕೆ ಗೊಬ್ಬರ ತರಲು ಹೋದವನು ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಕುಳಿತು ನಾಲ್ಕು ಪರೋಟಾ ತಿಂದೆ, ಮೇಲೆ ಎಣ್ಣೆ ತೇಲುವ ಸಾಲ್ನಾ ಸಾರು ಸುರಿಸಿಕೊಂಡು. ಹಸಿವಿಗಲ್ಲ, ಹಟಕ್ಕೆ. ಮಗಳು ನೋಡಲಿ ಎಂದು ಅದನ್ನು ಆಪಿನಲ್ಲಿ ಹಾಕಿದೆ. ದಿನ ಕೆಂಪಾಯಿತು. ಕಾಲು ಗಂಟೆಯೊಳಗೆ ಕೆಳಗಿನ ಚೌಕದಲ್ಲಿ ಅಕ್ಷರ ಮೂಡಿತು.

"ನಾಲ್ಕ್ ಪರೋಟಾ ಯಾಕಪ್ಪಾ? ಮನೇಲಿ ಕೂಳಿಲ್ವಾ?"

ತಮಿಳು ಅಕ್ಷರ, ನಮ್ಮ ಮಾತು. ಕ್ಲಿನಿಕ್ಕಿನಲ್ಲಿ ಉಳಿದವರೂ ಅದನ್ನು ಓದಬಹುದಲ್ಲ, ಅವರಿಗೆ ತಿಳಿಯಬಾರದು ಎಂದು ಹಾಗೆ ಬರೆದಿರಬೇಕು. ಕಾರಣ ಏನೇ ಇರಲಿ, ಇಪ್ಪತ್ತೈದು ವರ್ಷ ನಾನು ಬೇಡಿದರೂ ಬಾರದ ಮಾತು ಆವತ್ತು ಬಂತು. ಗೊಬ್ಬರದ ಮೂಟೆಯ ಮೇಲೆ ಕುಳಿತು ಅದನ್ನು ಎಷ್ಟು ಸಲ ಓದಿದೆನೋ. ಎರಡು ಬಸ್ಸು ಬಿಟ್ಟೆ.

ಮರುದಿನ ಒಳ್ಳೆಯವನಂತೆ ಮುದ್ದೆ, ಸೊಪ್ಪು, ಮಜ್ಜಿಗೆ ತಿಂದು ಹಾಗೇ ಬರೆದೆ. ದಿನ ಹಸಿರಾಯಿತು. ಚೌಕ ಖಾಲಿ. ಅದರ ಮರುದಿನವೂ ಹಸಿರು, ಖಾಲಿ. ಆರು ದಿನ ಹೀಗೇ ಹೋಯಿತು. ಅವಳಿಗೆ ನೋಡಬೇಕಾದ ರೋಗಿಗಳು ನೂರಾರು ಜನ. ಸರಿಯಾಗಿ ತಿಂದವನಿಗೆ ಏನು ಬರೆಯುತ್ತಾಳೆ? ಏಳನೆಯ ದಿನ ಮುದ್ದೆ ತಿಂದು ಕೈ ತೊಳೆದು ಬಂದು ಮಟನ್ ಬಿರಿಯಾನಿ, ಒಂದು ಪ್ಲೇಟು ಎಂದು ಹಾಕಿದೆ.

"ಬಿರಿಯಾನಿ ಯಾರ್ ಕೊಟ್ರು? ಅಮ್ಮನ್ಗ ತಿಳೀದ ಹಾಗೆ ತಿಂದ್ಯಾ? ಈ ವಯಸ್ಸಲ್ಲಿ ನಾಲಗೆ ಕಟ್ಟಕ್ಕೆ ಬರಲ್ವಾ ನಿನ್ಗ?"

ಮೂರು ಸಾಲು! ಪರೋಟಾಕ್ಕೆ ಬಂದದ್ದು ಎರಡೇ.

ಅಲ್ಲಿಂದ ಶುರುವಾಯಿತು. ತಿಂದದ್ದನ್ನು ಬರೆಯುವುದು ಮಾತಾಡಿದಂತಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ನಾನು ಅವಳೊಡನೆ ಮಾತಾಡುತ್ತಿಲ್ಲ, ಒಬ್ಬ ರೋಗಿ ಆಪಿನಲ್ಲಿ ಹೆಸರು ಒತ್ತುತ್ತಿದ್ದಾನೆ, ಅಷ್ಟೆ. ರೋಗಿ ಉತ್ತರ ಬರೆಯಲು ಕೂಡ ಜಾಗವಿತ್ತು. ಅದನ್ನು ಮಾತ್ರ ನಾನು ಮುಟ್ಟಲಿಲ್ಲ. ಜಿಲೇಬಿಗೆ ಒಂದು ಸಾಲು ಬರುತ್ತದೆ, ಹಬ್ಬವಿಲ್ಲದ ದಿನ ಒಬ್ಬಟ್ಟು ಹಾಕಿದರೆ ಎರಡು. ದಿನಾ ಸುಳ್ಳು ಹೇಳಿದರೆ ಅವಳಿಗೆ ಬೇಸರವಾಗಿ ಸುಮ್ಮನಾಗುತ್ತಾಳೆ ಎಂದು ನಡುವೆ ಒಂದು ದಿನ ಹಸಿರು ಬಿಡುತ್ತಿದ್ದೆ. ಬಳ್ಳಿ ಸವರುವಾಗ ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎಂದು ನೋಡುವ ಹಾಗೆ ನೋಡಿ ನೋಡಿ ಬರೆಯುತ್ತಿದ್ದೆ.

ಅವಳು ರೋಗಿಗಳನ್ನು ನೋಡಿ ಮುಗಿಸಿ ಬರೆಯುತ್ತಿದ್ದದ್ದು ಮಧ್ಯಾಹ್ನ ಒಂದೂವರೆಗೆ. ಆ ಹೊತ್ತಿಗೆ ನಾನು ತೋಟದ ಮೋಟಾರ್ ಕೋಣೆಯಲ್ಲಿ ಫೋನ್ ಹಿಡಿದು ಕುಳಿತಿರುತ್ತಿದ್ದೆ. ಒಂದೂ ಮುಕ್ಕಾಲಾದರೂ ಬರದಿದ್ದರೆ ಸಿಗ್ನಲ್ ಸಿಗಲಿ ಎಂದು ಎದ್ದು ಬದುವಿನ ಮೇಲೆ ಹೋಗಿ ನಿಲ್ಲುತ್ತಿದ್ದೆ. ಬಸ್ಸಲ್ಲಿ ನಿಂತು ಹೋಗುತ್ತಿದ್ದಾಳೋ, ಊಟ ಮಾಡಿದಳೋ, ಆ ಹುಡುಗನ ಮನೆಯವರು ಅವಳನ್ನು ಏನೆಂದು ಕರೆಯುತ್ತಾರೋ. ಒಂದನ್ನೂ ಕೇಳುವ ಹಾಗಿರಲಿಲ್ಲ. ಮುತ್ತುಲಕ್ಷ್ಮಿ ಹಿತ್ತಲಲ್ಲಿ ಒರಳುಕಲ್ಲಿನ ಹತ್ತಿರ ನಿಂತು ಕದ್ದು ಅವಳಿಗೆ ಫೋನ್ ಮಾಡುತ್ತಿದ್ದದ್ದು ನನಗೆ ಗೊತ್ತಿತ್ತು. ನಾನು ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಕೇಳುತ್ತಿದ್ದದ್ದು ಹೆಂಡತಿಯ ಹ್ಞೂಂ, ಹ್ಞೂಂ ಮಾತ್ರ. ಮಗಳ ದನಿಯ ಒಂದು ಎಳೆಯೂ ಗೋಡೆ ದಾಟಿ ಬರುತ್ತಿರಲಿಲ್ಲ. ಆಮೇಲೆ ಜೋರಾಗಿ ಕೆಮ್ಮಿ ಒಳಗೆ ಹೋಗುತ್ತಿದ್ದೆ, ಅವಳು ಫೋನ್ ಸೆರಗಿನೊಳಗೆ ಹಾಕಿಕೊಳ್ಳಲಿ ಎಂದು.

ಒಂದು ದಿನ ಮುತ್ತುಲಕ್ಷ್ಮಿಯೇ ನನ್ನನ್ನು ಹಿಡಿದಳು. "ಫೋನ್ ನೋಡ್ಕೊಂಡು ಯಾಕ್ ನಗ್ತೀರಿ?"

"ದ್ರಾಕ್ಷಿ ರೇಟು."

"ದ್ರಾಕ್ಷಿ ರೇಟ್ ನೋಡಿ ಈ ಊರಲ್ಲಿ ಯಾರ್ ನಗ್ತಾರೆ?" ಎಂದು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆ ನೋಡಿದಳು. "ಅರ್ಧ ಹಿಟ್ಟು ಹಂಗೇ ಇಟ್ಟಿದ್ದೀರಿ. ದಿನಾ ಇದೇ ಆಯ್ತು. ಒಡಂಬು ಏನಾಗ್ಬೇಕು?"

ಮುದ್ದೆಗೆ ನಮ್ಮ ಮನೆಯಲ್ಲಿ ಹಿಟ್ಟು ಎನ್ನುತ್ತೇವೆ, ಮೈಗೆ ಒಡಂಬು. ಹಿಟ್ಟು ಅರ್ಧಕ್ಕಿಂತ ಹೆಚ್ಚು ಸೇರುತ್ತಿರಲಿಲ್ಲ ಎಂಬುದು ನಿಜ. ಬರೆಯುವುದು ಬಿರಿಯಾನಿ, ತಿನ್ನುವುದು ಅರ್ಧ ಮುದ್ದೆ. ಬೆಳಿಗ್ಗೆ ಎದ್ದು ತೋಟಕ್ಕೆ ನಡೆದು ಹೋಗುವುದು, ನಡೆದು ಬರುವುದು. ಕುಳಿತರೆ ಮಗಳ ನೆನಪು ಬರುತ್ತದೆ ಎಂದು ಇನ್ನೊಂದು ಸುತ್ತು ನಡೆಯುವುದು. ಅಂಗಿಗಳು ಜೋಲತೊಡಗಿದವು. ಮಂಡಿ ನೋವು ಹೋಯಿತು. ತೈ ತಿಂಗಳಲ್ಲಿ ಎಂಬತ್ತೆಂಟು ಕಿಲೋ ಇದ್ದವನು ಎಂಟು ತಿಂಗಳಲ್ಲಿ, ಆವಣಿ ಮುಗಿಯುವ ಹೊತ್ತಿಗೆ, ಎಪ್ಪತ್ತೈದಾಗಿದ್ದೆ. ದಿನಾ ಬೆಳಿಗ್ಗೆ ತೂಕದ ಯಂತ್ರ ಹತ್ತುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅದು ಅವಳು ಹೇಳಿದ್ದಲ್ಲವೇ.

ಆವಣಿಯಲ್ಲಿ ಬೈಗುಳದ ಬಣ್ಣ ಬದಲಾಯಿತು.

"ಅಪ್ಪಾ, ತುಂಬಾ ದಾಹ ಆಗ್ತದಾ? ನೀರ್ ಎಷ್ಟ್ ಕುಡೀತೀಯ?"

ಮರುದಿನ, "ಕಣ್ಣು ಮಂಜಾಗ್ತದಾ? ಕಾಲ್ ಉರೀತದಾ? ಮಾತ್ರೆ ತಿಂತಿದ್ಯಾ? ನಿಜ ಹೇಳು."

ನನಗೆ ತಲೆ ಬುಡ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದೇ: ಮಗಳು ನನ್ನನ್ನು ಹೇಗಿದ್ದೀಯ ಎಂದು ಕೇಳುತ್ತಿದ್ದಾಳೆ. ಬಾಯಿಗೆ ಸಕ್ಕರೆ ಹಾಕಿದಂತಾಯಿತು. ಇನ್ನಷ್ಟು ಕೇಳಲಿ ಎಂದು ಆ ರಾತ್ರಿಯ ಊಟಕ್ಕೆ ಎರಡು ಬಿರಿಯಾನಿ ಹಾಕಿದೆ.

"ಕಂಬಂ ಲ್ಯಾಬಲ್ಲಿ ಹೇಳಿದೀನಿ. ನಾಳೆ ಬೆಳಿಗ್ಗೆ ಹೋಗಿ ರಕ್ತ ಕೊಡು. ಅಪ್ಪಾ, ಪ್ಲೀಸ್."

ಹೋಗಲಿಲ್ಲ. ಹೋಗಿ ರಕ್ತ ಕೊಟ್ಟರೆ ಎಲ್ಲ ಸರಿಯಾಗಿದೆ ಎಂದು ಬರುತ್ತದೆ, ದಿನಗಳು ಹಸಿರಾಗುತ್ತವೆ, ಚೌಕ ಖಾಲಿಯಾಗುತ್ತದೆ. ಆ ಖಾಲಿ ಚೌಕಕ್ಕೆ ನಾನು ಹೆದರುತ್ತಿದ್ದಷ್ಟು ಯಾವ ಕಾಯಿಲೆಗೂ ಹೆದರಿರಲಿಲ್ಲ. ಅಮ್ಮನ ಮೂಲಕವೂ ಹೇಳಿಸಿದಳು. ಮುತ್ತುಲಕ್ಷ್ಮಿ ಕಣ್ಣೀರು ಹಾಕಿದಳು, ನಾನು ನನಗೇನಾಗಿದೆ ಗುಂಡುಕಲ್ಲಿನ ಹಾಗಿದ್ದೇನೆ ಎಂದು ರೇಗಿ ತೋಟಕ್ಕೆ ಹೋದೆ. ಆಮೇಲೆ ಎರಡು ದಿನ ಚೌಕದಲ್ಲಿ ಏನೂ ಬರಲಿಲ್ಲ. ಶನಿವಾರ ಹಲ್ವಾ ಹಾಕಿದೆ, ಕೊತ್ತು ಪರೋಟಾ ಹಾಕಿದೆ. ಏನೂ ಇಲ್ಲ. ಒಂದೂವರೆ ಆಯಿತು, ಎರಡಾಯಿತು. ಕಾದೂ ಕಾದೂ ಫೋನಿನ ಚಾರ್ಜು ಮುಗಿಯಿತು.

ಭಾನುವಾರ ಬೆಳಿಗ್ಗೆ ಹತ್ತೂವರೆ ಇರಬಹುದು. ಗೊನೆಗಳಲ್ಲಿ ಹಾಳು ಕಾಯಿ ಕತ್ತರಿಸುತ್ತಿದ್ದೆ. ತೋಟದ ಬೇಲಿ ಬಾಗಿಲು ಕಿರ್ರೆಂದಿತು. ತಿರುಗಿ ನೋಡಿದರೆ ಅಭಿರಾಮಿ.

ಮನೆಗೆ ಹೋಗದೆ ತೋಟಕ್ಕೆ ಬಂದಿದ್ದಳು. ನಾನೇ ಹೊಸ್ತಿಲು ಇಲ್ಲ ಎಂದಿದ್ದೆನಲ್ಲ. ಕೂದಲು ಗಂಟು ಹಾಕಿದ್ದಳು, ಕಣ್ಣ ಕೆಳಗೆ ಕಪ್ಪಾಗಿತ್ತು, ಹೆಗಲಲ್ಲಿ ಚೀಲ. ಎಂಟು ತಿಂಗಳು ನಾನು ನೋಡದೆ ಇದ್ದ ಮುಖ. ಕತ್ತರಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಓಡಿ ಹೋಗಿ ತಬ್ಬಿಕೊಳ್ಳಬೇಕು ಎನ್ನಿಸಿತು, ಕಾಲು ಮಾತ್ರ ನಿಂತಲ್ಲೇ ನಿಂತಿತು.

ಅವಳು ಸುತ್ತು ಬಳಸಲಿಲ್ಲ. ಹತ್ತಿರ ಬಂದು ನನ್ನ ಕುತ್ತಿಗೆ, ನನ್ನ ಜೋಲುವ ಅಂಗಿ ನೋಡಿದಳು. "ಕೈ ಕೊಡು," ಎಂದಳು.

ನಾನು ಬಳ್ಳಿಯ ಕಡೆ ಮುಖ ತಿರುಗಿಸಿಕೊಂಡು ಕೈ ಚಾಚಿದೆ. ಕೈ ಕೊಡುವುದು ಮಾತಾಡಿದಂತಲ್ಲ. ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದು ಸಣ್ಣ ಯಂತ್ರಕ್ಕೆ ಹಾಕಿದಳು. ನೋಡಿದಳು. ಇನ್ನೊಂದು ಕೈ ತೆಗೆದುಕೊಂಡು ಮತ್ತೆ ಚುಚ್ಚಿದಳು.

"ಉಂಡು ಎಷ್ಟ್ ಹೊತ್ತಾಯ್ತು?"

ಎರಡು ಬೆರಳು ತೋರಿಸಿದೆ.

"ಬೆಳಿಗ್ಗೆ ಆರು ಇಡ್ಲಿ, ಎರಡು ವಡೆ, ಕೇಸರಿ ಅಂತ ಬರ್ದಿದ್ಯಾ. ಅಷ್ಟ್ ತಿಂದವನ್ಗ ನೂರಿಪ್ಪತ್ತೆಂಟು ಹೆಂಗ್ ಬರ್ತದೆ?" ನನ್ನನ್ನಲ್ಲ, ಯಂತ್ರವನ್ನೇ ಕೇಳುತ್ತಿದ್ದಂತಿತ್ತು. ಬದುವಿನ ಮೇಲೆ ಕುಳಿತುಬಿಟ್ಟಳು. "ಸುಗರ್ ಏರಿ ತೂಕ ಇಳೀತಾ ಇದೆ ಅಂತ ಅಂದ್ಕೊಂಡಿದ್ದೆ. ಅದಲ್ಲ. ದಿನಕ್ಕೆ ಮೂರು ಸಾವಿರ ಕ್ಯಾಲೊರಿ ತಿಂತಾನೆ, ಹದಿಮೂರು ಕಿಲೋ ಇಳ್ದವನೆ, ಸುಗರ್ ಸರಿ ಇದೆ. ಅಪ್ಪಾ, ಒಳಗೆ ಬೇರೆ ಏನೋ ಇದೆ. ಮದುರೈಗೆ ಹೋಗಾನ. ಇವತ್ತೇ ಹೋಗಾನ. ಸ್ಕ್ಯಾನ್ ತೆಗೀಬೇಕು."

ನನ್ನ ತೂಕ ಇವಳಿಗೆ ಹೇಗೆ ಗೊತ್ತು ಎಂದು ನಾನು ಕಣ್ಣು ಬಿಟ್ಟದ್ದು ಅವಳಿಗೆ ಕಂಡಿತು.

"ಮಿಷಿನ್ ಹತ್ತಿದ ಕೂಡ್ಲೇ ಅದು ನಿನ್ ಫೋನ್‌ಗೆ ಹೇಳ್ತದೆ. ನಿನ್ ಫೋನ್ ನನ್ಗ ಹೇಳ್ತದೆ. ದಿನಾ ಬೆಳಿಗ್ಗೆ ನೋಡ್ತಾ ಇದ್ದೆ. ದಿನಾ ಇಳೀತಾ ಇತ್ತು."

ಹಾಗೆ ಹೇಳುತ್ತ ಸೂಜಿಯ ಡಬ್ಬಿ ಮುಚ್ಚಲು ನೋಡಿದಳು. ಮುಚ್ಚಳ ತಿರುಗುಮುರುಗಾಗಿ ಹಿಡಿದಿದ್ದಳು, ಕೂರಲಿಲ್ಲ. ನಾನು ಬೈಗುಳ ಎಣಿಸುತ್ತ ಮೋಟಾರ್ ಕೋಣೆಯಲ್ಲಿ ಕುಳಿತು ನಗುತ್ತಿದ್ದ ಹೊತ್ತಿನಲ್ಲೆಲ್ಲ ಈ ಮಗು ದಿಂಡುಕ್ಕಲ್ಲಿನಲ್ಲಿ ಕುಳಿತು ಅಪ್ಪ ಸಾಯುತ್ತಿದ್ದಾನೆ ಎಂದು ನೋಡುತ್ತಿತ್ತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯನಲ್ಲ.

"ಅದೊಂದೂ ನಾ ತಿನ್ಲಿಲ್ಲ," ಎಂದೆ.

ಅವಳು ತಲೆ ಎತ್ತಿದಳು.

"ಬಿರಿಯಾನಿ ಇಲ್ಲ, ಇಡ್ಲಿ ವಡೆ ಇಲ್ಲ. ಆ ಮೊದಲ್ನೇ ನಾಲ್ಕು ಪರೋಟಾ ಒಂದೇ ನಿಜ. ಆಮೇಲೆ ಹಾಕಿದ್ದೆಲ್ಲ ಪೊಯ್, ಬರೀ ಸುಳ್ಳು. ತಿಂದದ್ದು ಹಿಟ್ಟು, ಅದೂ ಅರ್ಧ."

"ಪೊಯ್ಯಾ? ಯಾಕೆ?"

"ಸರಿಯಾಗ್ ತಿಂದ್ರೆ ನೀ ಏನೂ ಬರೀತಿರ್ಲಿಲ್ಲ. ತಪ್ಪಾಗ್ ತಿಂದ್ರೆ ಬಯ್ತಿದ್ದೆ."

ಅರ್ಥವಾದ ಮೇಲೆ ಎದ್ದು ನಿಂತಳು. ಅಬ್ಬಾ! ನನ್ನ ಅಪ್ಪ ಬೈದದ್ದು ಕೇಳಿದ್ದೇನೆ, ನಾನು ಬೈದದ್ದು ಊರು ಕೇಳಿದೆ, ಇದರ ಮುಂದೆ ಅವೆಲ್ಲ ಏನೂ ಅಲ್ಲ. ಇಪ್ಪತ್ತು ದಿನ ನಿದ್ದೆ ಮಾಡಿಲ್ಲ ಎಂದಳು. ಕ್ಲಿನಿಕ್ಕಿನ ದೊಡ್ಡ ಡಾಕ್ಟರ ಮುಂದೆ ನನ್ನ ಕಾಗದ ಇಟ್ಟು ಅತ್ತಳಂತೆ. ನೀನು ಅಪ್ಪನಾ, ಪಿಡಿವಾದದ ಮೂಟೆ, ಹಟಮಾರಿ, ಎಂದಳು. ಒಂದು ತಮಿಳು ಮಾತಿಲ್ಲದೆ, ಅಲ್ಲೊಂದು ಇಲ್ಲೊಂದು ಬಿಟ್ಟರೆ, ಎಲ್ಲ ನಮ್ಮ ಮನೆ ಮಾತಿನಲ್ಲೇ. ನಾನು ತಲೆ ಬಗ್ಗಿಸಿ ನಿಂತು ಕೇಳಿದೆ. ಎಂಟು ತಿಂಗಳು ಅಕ್ಷರದಲ್ಲಿ ಓದಿದ್ದಕ್ಕೆ ಈಗ ದನಿ ಸೇರಿತ್ತು. ಇನ್ನಷ್ಟು ಬೈಯಲಿ ಎಂದು ನಿಂತೆ.

ಆದರೆ ನಿಲ್ಲಿಸಿದಳು. ಮುಖ ಒರೆಸಿಕೊಂಡು ಚೀಲ ಹೆಗಲಿಗೆ ಹಾಕಿಕೊಂಡಳು.

"ನಾಳೆಯಿಂದ ನಿನ್ ಫೈಲ್ ಜೆಯಂತಿ ನೋಡ್ತಾಳೆ. ನನ್ ಜೊತೆ ಕೆಲಸ ಮಾಡ್ತಾಳೆ, ಒಳ್ಳೆ ಹುಡುಗಿ. ನನ್ಗ ಆಗಲ್ಲಪ್ಪಾ. ನೀ ಏನ್ ಬರ್ದ್ರೂ ಇನ್ನು ನಾ ನಂಬಲ್ಲ."

ಜೆಯಂತಿಯಂತೆ. ಅವಳಿಗೆ ನಮ್ಮ ಮಾತು ಬರುತ್ತದೆಯೇ? ಮಗಳು ಬೇಲಿಯ ಕಡೆ ನಡೆದಳು. ಅವಳು ಆ ಬಾಗಿಲು ದಾಟಿದರೆ ನನಗಿದ್ದ ಚೌಕವೂ ಹೋಯಿತು. ಇನ್ನು ಅರ್ಥ ಮಾಡಿಸುವುದಕ್ಕೆ ಯಾವ ತಿಂಡಿಯ ಹೆಸರೂ ಉಳಿದಿರಲಿಲ್ಲ.

"ನಿಲ್ಲು," ಎಂದು ಕೂಗಿದೆ. ಓಡಿದೆ ಎಂದೇ ಹೇಳಬೇಕು. "ಮನೇಗ್ ಬಾ."

"ನೀ ನನ್ಗ ತಲೆ ಮುಳುಗಿದ್ದೀಯ."

"ಮುಳುಗ್ದೆ. ಎದ್ದಾಗ್ಲೇ ತಿಳೀತು ತಪ್ಪಾಯ್ತು ಅಂತ. ತಲೆ ತೊಟ್ಟಿಕ್ತಾ ಇತ್ತು. ತಲೆ ಒರಸ್ಕೋ, ಸೀತ ಆಗ್ತದೆ ಅಂತ ಬಯ್ಯಕ್ಕೆ ಯಾರೂ ಇರ್ಲಿಲ್ಲ. ಅಲ್ಲಿ ಕಲ್ಲ್ ಮೇಲೆ ಕುಂತು ಅತ್ತೆ. ಯಾರಿಗೂ ಹೇಳಿಲ್ಲ. ನಿನ್ನಮ್ಮನ್ಗೂ ಹೇಳಿಲ್ಲ." ಅವಳ ಚೀಲದ ಪಟ್ಟಿ ಹಿಡಿದುಕೊಂಡೆ. "ನೀ ಇಲ್ಲದೆ ನನ್ಗ ಆಗಲ್ಲ ಮಗಾ."

ಅವಳು ತಿರುಗಲಿಲ್ಲ. ಬೇಲಿಯಾಚೆ ರಸ್ತೆಯ ತಿರುವಿನಲ್ಲಿ, ಹುಣಸೆ ಮರದ ಕೆಳಗೆ, ಒಂದು ಬೈಕು ನಿಂತಿತ್ತು. ಅದರ ಪಕ್ಕ ಒಬ್ಬ ತೆಳ್ಳಗಿನ ಹುಡುಗ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ. ಬಿಸಿಲಿಗೆ ಮುಖ ಕೆಂಪಾಗಿತ್ತು. ಒಳಗೆ ಬರಲು ಅವನಿಗೂ ಧೈರ್ಯವಿಲ್ಲ, ಬಿಟ್ಟು ಹೋಗಲೂ ಮನಸ್ಸಿಲ್ಲ.

"ನಾ ಒಬ್ಳೇ ಬರಲ್ಲ," ಎಂದಳು.

ಹಳೆಯ ಕೋಪ ಮೂಗಿನವರೆಗೆ ಬಂತು. ಸುಳ್ಳು ಹೇಳುವುದಿಲ್ಲ, ಬಂತು. ಕಾರ್ತಿಕೇಯನ್ ನನ್ನನ್ನು ನೋಡಿ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಟ್ಟಗೆ ನಿಂತ. ದಿಂಡುಕ್ಕಲ್ಲಿನಿಂದ ಇಲ್ಲಿಯವರೆಗೆ ನನ್ನ ಮಗಳನ್ನು ಕೂರಿಸಿಕೊಂಡು ಬಂದಿದ್ದಾನೆ, ಅವಳಪ್ಪನಿಗೆ ಕಾಯಿಲೆ ಎಂದು.

"ಅವನ್ ಉಂಡವ್ನಾ?" ಎಂದೆ.

ಅಭಿರಾಮಿ ಈಗ ತಿರುಗಿದಳು. "ಇಲ್ಲ," ಎಂದಳು. "ಇಬ್ರೂ ಉಂಡಿಲ್ಲ. ಎದ್ದ ಕೂಡ್ಲೇ ಹೊರಟ್ವು."

ಜೇಬಿನಿಂದ ಫೋನ್ ತೆಗೆದು ಮನೆಗೆ ಮಾಡಿದೆ. ಮುತ್ತುಲಕ್ಷ್ಮಿ ಎತ್ತಿದಳು. "ಇನ್ನೆರಡು ಹಿಟ್ಟು ಕಟ್ಟು," ಎಂದೆ.

"ಯಾರ್ಗೆ?" ಎಂದು ಕೇಳಿದಳು.

ಹೇಳಲು ಬಾಯಿ ತೆರೆದೆ. ಫೋನನ್ನು ಮಗಳ ಕೈಗೆ ಕೊಟ್ಟೆ.